ಹಿಮ ಬೀಳುವ ಕಡೆಯ ಮನೆಗೆ ಸೈಡಿಂಗ್ ಆರಿಸುವುದು: ಒಂದು ಅಧ್ಯಯನ ಟಿಪ್ಪಣಿ

ಸೈಡಿಂಗ್ ಅಂದರೆ ಮನೆಯ ಹೊರಗೋಡೆಗೆ ಹೊರಗಿನಿಂದ ಹೊಡೆಯುವ ಹೊದಿಕೆ. ಮರದ ಹಲಗೆ, ತಗಡು, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ, ಫೈಬರ್ ಸಿಮೆಂಟ್ ಹಲಗೆ, ಹೀಗೆ ಏನಾದರೂ ಆಗಬಹುದು. ಇಟ್ಟಿಗೆಯ ಹೊರಪದರ ಮತ್ತು ಗಾರೆಯನ್ನೂ ಇದೇ ಗುಂಪಿಗೆ ಸೇರಿಸಿ ಓದುವುದು ಅನುಕೂಲ. ಮನೆಯ ಭಾರ ಹೊರುವುದು ಇದರ ಕೆಲಸವಲ್ಲ. ಭಾರ ಹೊರುವ ಚೌಕಟ್ಟು ಹಿಂದೆ ಇರುತ್ತದೆ. ಚೌಕಟ್ಟಿಗೆ ಪ್ಲೈವುಡ್ ಹೊಡೆದಿರುತ್ತಾರೆ, ಪ್ಲೈವುಡ್ ಮೇಲೆ ನೀರು ತಡೆಯುವ ಹಾಳೆ, ಅದರ ಮುಂದೆ ಸೈಡಿಂಗ್.

ಈ ವಿಷಯ ಓದಲು ಕೂತಾಗ ಸಾಮಾನುಗಳ ಪಟ್ಟಿ ಮಾಡಿ ಒಂದೊಂದರ ಎದುರು ಗುಣ, ದೋಷ ಬರೆದುಕೊಳ್ಳುವ ಅಭ್ಯಾಸ ಎಲ್ಲರಿಗೂ ಇದೆ. ಹಾಗೆ ಓದಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಗೋಡೆ ಹೇಗೆ ಹಾಳಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಆಮೇಲೆ ಪಟ್ಟಿ ತಾನಾಗಿಯೇ ಬರುತ್ತದೆ.

ಹಾಳು ಮಾಡುವುದು ಯಾವುದು?

ಮೈನಸ್ 30 ಡಿಗ್ರಿ ಚಳಿಯಲ್ಲಿ ಒಣ ಇಟ್ಟಿಗೆ ಹಾಯಾಗಿರುತ್ತದೆ. ಒಣ ಮರವೂ ಅಷ್ಟೇ. ತೊಂದರೆ ಶುರುವಾಗುವುದು ಒಳಗೆ ನೀರು ಸೇರಿದಾಗ. ನೀರು ಹೆಪ್ಪುಗಟ್ಟಿದರೆ ಗಾತ್ರ ಸುಮಾರು 9% ಹಿಗ್ಗುತ್ತದೆ. ಇಟ್ಟಿಗೆಯಲ್ಲೋ ಸಿಮೆಂಟಿನಲ್ಲೋ ಇರುವ ಸಣ್ಣ ರಂಧ್ರ ಅರ್ಧ ಮಾತ್ರ ತುಂಬಿದ್ದರೆ ಹಿಗ್ಗಲು ಜಾಗ ಇದೆ, ಏನೂ ಆಗುವುದಿಲ್ಲ. ಆದರೆ 100 ಭಾಗ ನೀರು 109 ಭಾಗ ಮಂಜುಗಡ್ಡೆ ಆಗುವುದರಿಂದ, ರಂಧ್ರ ಸುಮಾರು 91% ದಾಟಿ ತುಂಬಿದ್ದರೆ ಜಾಗ ಸಾಲದು. ಆಗ ಒತ್ತಡ ರಂಧ್ರದ ಗೋಡೆಗಳ ಮೇಲೆ ಬೀಳುತ್ತದೆ. ಮೊದಲು ಕೂದಲೆಳೆ ಬಿರುಕು ಬರುತ್ತದೆ. ಆ ಬಿರುಕಿಗೆ ಮತ್ತೆ ನೀರು ಇಳಿಯುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕೊನೆಗೆ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಇದರಿಂದ ಒಂದು ವಿಚಿತ್ರ ಉತ್ತರ ಸಿಗುತ್ತದೆ. ಚಳಿಗಾಲವಿಡೀ ಮೈನಸ್ 20ರಲ್ಲೇ ಇರುವ ಜಾಗಕ್ಕಿಂತ, ಹಗಲು ಪ್ಲಸ್ 3, ರಾತ್ರಿ ಮೈನಸ್ 6 ಆಗುವ ಜಾಗ ಗೋಡೆಗೆ ಜಾಸ್ತಿ ಕಷ್ಟ ಕೊಡುತ್ತದೆ. ಎಷ್ಟು ಚಳಿ ಅನ್ನುವುದಕ್ಕಿಂತ, ಸೊನ್ನೆ ಡಿಗ್ರಿಯನ್ನು ಎಷ್ಟು ಸಲ ದಾಟುತ್ತದೆ, ದಾಟುವಾಗ ಗೋಡೆ ಒದ್ದೆ ಇತ್ತಾ ಅನ್ನುವುದು ಮುಖ್ಯ. ಒಂದೇ ಮನೆಯಲ್ಲೂ ಗೋಡೆಯಿಂದ ಗೋಡೆಗೆ ಇದು ಬದಲಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಹಗಲು ಬಿಸಿಲು ಬೀಳುತ್ತದೆ, ಅಂಟಿದ ಹಿಮ ಕರಗುತ್ತದೆ, ರಾತ್ರಿ ಅದೇ ನೀರು ಗಟ್ಟಿಯಾಗುತ್ತದೆ. ಉತ್ತರದ ಗೋಡೆ ಸುಮ್ನೆ ತಣ್ಣಗೆ ಇದ್ದುಬಿಡುತ್ತದೆ. ಆದರೆ ಅದು ಒಣಗುವುದು ನಿಧಾನ, ಹಾಗಾಗಿ ಅಲ್ಲಿ ಬೂಷ್ಟಿನ ಕಾಟ.

ನೀರು ಎಲ್ಲಿಂದ ಬರುತ್ತದೆ

ಗಾಳಿಯ ಜೊತೆ ಬಂದು ಬಡಿಯುವ ಮಳೆ ಎಲ್ಲರಿಗೂ ಗೊತ್ತು. ಗೋಡೆಗೆ ಒರಗಿ ರಾಶಿ ಬಿದ್ದ ಹಿಮವೂ ಕಣ್ಣಿಗೆ ಕಾಣುತ್ತದೆ. ಉಳಿದ ಎರಡು ದಾರಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದೂ ಅವನ್ನೇ.

ಮೊದಲನೆಯದು ಸೂರಿನ ಮಂಜುಗಡ್ಡೆ. ಮನೆಯೊಳಗಿನ ಬಿಸಿ ಚಾವಣಿಯ ಮೂಲಕ ಸೋರಿ ಮಾಡಿನ ಮೇಲಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಇಳಿದು ಸೂರಿನ ತುದಿಗೆ ಬರುತ್ತದೆ. ಸೂರಿನ ಕೆಳಗೆ ಮನೆಯ ಬಿಸಿ ಇಲ್ಲ, ಅಲ್ಲಿ ಮತ್ತೆ ಹೆಪ್ಪುಗಟ್ಟಿ ಅಡ್ಡಗಟ್ಟೆ ಆಗುತ್ತದೆ. ಹಿಂದೆ ನಿಂತ ನೀರು ಮಾಡಿನ ಹೊದಿಕೆಯ ಅಡಿಗೆ ನುಗ್ಗಿ ಗೋಡೆಯೊಳಗೆ ಇಳಿಯುತ್ತದೆ. ಬಣ್ಣ ಏಳುವುದು ಸೈಡಿಂಗ್ ಮೇಲೆ, ಬೈಗುಳ ಬೀಳುವುದೂ ಸೈಡಿಂಗಿಗೆ. ತಪ್ಪು ಇರುವುದು ಚಾವಣಿಯ ಶಾಖ ನಿರೋಧಕದಲ್ಲಿ.

ಎರಡನೆಯದು ಮನೆಯ ಒಳಗಿನ ಗಾಳಿ. 21 ಡಿಗ್ರಿ ಬಿಸಿ, 40% ಆರ್ದ್ರತೆ ಇರುವ ಕೋಣೆಯ ಗಾಳಿ ಸುಮಾರು 7 ಡಿಗ್ರಿಗೆ ಇಳಿದರೆ ಸಾಕು, ಅದರಲ್ಲಿನ ಆವಿ ನೀರಾಗುತ್ತದೆ. ಹೊರಗೆ ಮೈನಸ್ 15 ಇದ್ದಾಗ ಸೈಡಿಂಗ್ ಹಿಂದಿನ ಪ್ಲೈವುಡ್ ಸೊನ್ನೆಗಿಂತ ಕೆಳಗೆ ಇರುವುದು ಮಾಮೂಲು. ಸ್ವಿಚ್ ಪೆಟ್ಟಿಗೆ, ಪೈಪಿನ ಸಂದು, ಕಿಟಕಿಯ ಅಂಚು, ಎಲ್ಲಿ ಗಾಳಿ ಸೋರುತ್ತದೋ ಅಲ್ಲಿ ಆವಿ ಹೋಗಿ ಪ್ಲೈವುಡ್ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಗೋಡೆಯ ಪದರಗಳ ಮೂಲಕ ನಿಧಾನವಾಗಿ ಹಾದುಹೋಗುವ ಆವಿಗಿಂತ, ಸಂದಿನಿಂದ ಸೋರುವ ಗಾಳಿ ಹೊತ್ತೊಯ್ಯುವ ಆವಿ ಬಹಳ ಜಾಸ್ತಿ. ಅದಕ್ಕೇ ಚಳಿ ಪ್ರದೇಶದಲ್ಲಿ ಆವಿ ತಡೆಯುವ ಪದರವನ್ನು ಒಳಗಿನ, ಅಂದರೆ ಬೆಚ್ಚಗಿನ ಬದಿಗೆ ಹಾಕುತ್ತಾರೆ, ಸಂದುಗಳನ್ನೆಲ್ಲ ಮುಚ್ಚುತ್ತಾರೆ. ಇಷ್ಟು ಮಾಡಿದರೂ ಸ್ವಲ್ಪ ತೇವ ಹೋಗಿಯೇ ಹೋಗುತ್ತದೆ. ಅದು ಹೊರಗೆ ಬರಲು ದಾರಿ ಬೇಕು.

ಆ ದಾರಿ: ಸೈಡಿಂಗ್ ಹಿಂದಿನ ಸಂದು

ನನ್ನ ಲೆಕ್ಕದಲ್ಲಿ ಈ ಇಡೀ ಪಾಠದ ಜೀವ ಇಲ್ಲಿದೆ. ಸೈಡಿಂಗನ್ನು ನೇರವಾಗಿ ಹಾಳೆಯ ಮೇಲೆ ಒತ್ತಿ ಹೊಡೆಯುವ ಬದಲು, ಮೊದಲು ನೆಟ್ಟಗೆ ಮರದ ರೀಪರ್ ಹೊಡೆದು ಅದರ ಮೇಲೆ ಸೈಡಿಂಗ್ ಕೂರಿಸುತ್ತಾರೆ. ಹಿಂದೆ ಖಾಲಿ ಜಾಗ ಉಳಿಯುತ್ತದೆ. ಈ ಖಾಲಿ ಜಾಗ ಮೂರು ಕೆಲಸ ಮಾಡುತ್ತದೆ. ಒಳಗೆ ನುಗ್ಗಿದ ನೀರು ಕೆಳಗೆ ಹರಿದುಹೋಗುತ್ತದೆ. ಸೈಡಿಂಗ್ ಹೀರಿದ ನೀರು ದಾಟಿ ಪ್ಲೈವುಡ್ ಮುಟ್ಟುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಗಾಳಿ ಆಡಿ ಎರಡೂ ಬದಿ ಒಣಗುತ್ತದೆ.

ಎಷ್ಟು ಸಂದು? ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆ, ಕೆಲವು ವಿನಾಯಿತಿ ಬಿಟ್ಟರೆ, ತೇವ ಜಾಸ್ತಿ ಇರುವ ಪ್ರದೇಶಗಳಲ್ಲಿ ಕನಿಷ್ಠ 10 ಮಿ.ಮೀ. ಕೇಳುತ್ತದೆ. ಗಾಳಿ ಚೆನ್ನಾಗಿ ಆಡಬೇಕಾದರೆ 19 ಮಿ.ಮೀ. ರೀಪರ್ ಹಾಕುವುದು ರೂಢಿ. ಕೆಳಗೆ ಮತ್ತು ಮೇಲೆ ಬಾಯಿ ತೆರೆದಿರಬೇಕು, ಹುಳ ಹೋಗದಂತೆ ಜಾಲರಿ ಇರಬೇಕು.

ಸಂದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿ ದೊಡ್ಡ ಉದಾಹರಣೆ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿ ಕಟ್ಟಿದ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆಗಳು ಒಳಗೇ ಕೊಳೆತವು. ಹೊರಗಿನ ಗಾರೆಯೊಂದೇ ನೀರನ್ನೆಲ್ಲ ತಡೆಯುತ್ತದೆ ಅನ್ನುವ ನಂಬಿಕೆಯ ಮೇಲೆ ಕಟ್ಟಿದ ಗೋಡೆಗಳು ಅವು. ಸೂರೂ ಗಿಡ್ಡ. ಬಿರುಕಿನಲ್ಲಿ ಇಳಿದ ನೀರಿಗೆ ವಾಪಸ್ ಬರುವ ದಾರಿ ಇರಲಿಲ್ಲ. 1998ರಲ್ಲಿ ಬ್ಯಾರೆಟ್ ಆಯೋಗ ಇದರ ವಿಚಾರಣೆ ಮಾಡಿತು. ಅಲ್ಲಿ ಚಳಿ ಅಂಥದ್ದೇನಲ್ಲ, ಮಳೆ ಜಾಸ್ತಿ. ಆದರೂ ಪಾಠ ಹಿಮದ ಪ್ರದೇಶಕ್ಕೂ ಅದೇ.

ಇನ್ನು ಸಾಮಾನುಗಳು

ವಿನೈಲ್ ನೀರು ಕುಡಿಯುವುದಿಲ್ಲ, ಬಣ್ಣ ಬೇಡ, ಅಗ್ಗ. ಅದರ ತಲೆನೋವು ಹಿಗ್ಗುವುದು, ಕುಗ್ಗುವುದು. ಒಂದು ಲೆಕ್ಕ ಮಾಡೋಣ. 3.6 ಮೀಟರ್ ಉದ್ದದ ಪಟ್ಟಿ. ಚಳಿಗಾಲದ ರಾತ್ರಿ ಮೈನಸ್ 25, ಬೇಸಿಗೆಯ ಬಿಸಿಲಲ್ಲಿ ಪಟ್ಟಿಯ ಮೈ 40 ಡಿಗ್ರಿ. ವ್ಯತ್ಯಾಸ 65. ವಿನೈಲ್ ಒಂದು ಡಿಗ್ರಿಗೆ ಸುಮಾರು ಹತ್ತು ಲಕ್ಷಕ್ಕೆ 70 ಭಾಗ ಹಿಗ್ಗುತ್ತದೆ. 3600 × 0.00007 × 65, ಸುಮಾರು 16 ಮಿ.ಮೀ. ಅದೇ ಉದ್ದದ ಅಲ್ಯೂಮಿನಿಯಂ (ಹತ್ತು ಲಕ್ಷಕ್ಕೆ 23) 5 ಮಿ.ಮೀ. ಚಿಲ್ಲರೆ, ಉಕ್ಕು (12) 3 ಮಿ.ಮೀ. ಒಳಗೆ. 16 ಮಿ.ಮೀ. ಓಡಾಡುವ ಪಟ್ಟಿಯನ್ನು ಬಿಗಿಯಾಗಿ ಮೊಳೆ ಹೊಡೆದು ಕಟ್ಟಿಹಾಕಿದರೆ ಬೇಸಿಗೆಯಲ್ಲಿ ಅಲೆ ಅಲೆಯಾಗಿ ಉಬ್ಬುತ್ತದೆ, ಚಳಿಗಾಲದಲ್ಲಿ ಮೊಳೆಯ ಹತ್ತಿರ ಸೀಳುತ್ತದೆ. ಅದಕ್ಕೇ ಮೊಳೆಯ ತೂತು ಉದ್ದವಾಗಿರುತ್ತದೆ. ಮೊಳೆಯನ್ನು ತೂತಿನ ನಡುವೆ ಹೊಡೆದು, ತಲೆಯ ಕೆಳಗೆ ಸುಮಾರು 1 ಮಿ.ಮೀ. ಸಡಿಲ ಬಿಡಬೇಕು. ಪಟ್ಟಿಯ ತುದಿಯಲ್ಲಿ 6 ಮಿ.ಮೀ. ಜಾಗ, ಉಷ್ಣತೆ 4 ಡಿಗ್ರಿಗಿಂತ ಕೆಳಗೆ ಇರುವಾಗ ಹೊಡೆಯುತ್ತಿದ್ದರೆ 9 ಮಿ.ಮೀ. ಚಳಿಯಲ್ಲಿ ಪಟ್ಟಿ ಆಗಲೇ ಕುಗ್ಗಿದೆ, ಮುಂದೆ ಹಿಗ್ಗುವುದೇ ಜಾಸ್ತಿ, ಅಲ್ವಾ?

ಇನ್ನೊಂದು ದೋಷ ಏನೆಂದರೆ ಚಳಿಯಲ್ಲಿ ವಿನೈಲ್ ಪೆಡಸು. ಮೈನಸ್ 20ರಲ್ಲಿ ಹಿಮ ಎತ್ತುವ ಸಲಿಕೆ ತಗುಲಿದರೆ ಚೂರು ಹಾರುತ್ತದೆ. ದಪ್ಪ ಪಟ್ಟಿ ವಾಸಿ. ಅಮೆರಿಕದ ಎಎಸ್‌ಟಿಎಂ ಡಿ3679 ಮಾನಕದ ಪ್ರಕಾರ ಕನಿಷ್ಠ ದಪ್ಪ ಸುಮಾರು 0.9 ಮಿ.ಮೀ. ಹಿಮದ ಜಾಗಕ್ಕೆ ಕನಿಷ್ಠದಲ್ಲೇ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಫೈಬರ್ ಸಿಮೆಂಟ್ ಅಂದರೆ ಸಿಮೆಂಟ್, ಮರಳು, ಮರದ ನಾರು ಸೇರಿಸಿ ಒತ್ತಿದ ಹಲಗೆ. ಇದರ ಪೂರ್ವಜ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಮಾಡಿದ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಆಸ್ಬೆಸ್ಟಾಸ್ ಶ್ವಾಸಕೋಶಕ್ಕೆ ಕೇಡು ಎಂದು ಗೊತ್ತಾದ ಮೇಲೆ ಆ ಜಾಗಕ್ಕೆ ಮರದ ನಾರು ಬಂತು. ಬೆಂಕಿ ಹಿಡಿಯುವುದಿಲ್ಲ, ಚಳಿಗೆ ಪೆಡಸಾಗುವುದಿಲ್ಲ, ಬಿಸಿಗೆ ಅಷ್ಟಾಗಿ ಹಿಗ್ಗುವುದಿಲ್ಲ. 8 ಮಿ.ಮೀ. ಹಲಗೆ ಚದರ ಮೀಟರಿಗೆ ಸುಮಾರು 11 ಕೆ.ಜಿ. ತೂಗುತ್ತದೆ, ಹಾಗಾಗಿ ಗಾಳಿಗೆ ಪಟಪಟ ಅನ್ನುವುದಿಲ್ಲ. ಆದರೆ ನೀರು ಕುಡಿಯುತ್ತದೆ, ಮುಖ್ಯವಾಗಿ ಕೊಯ್ದ ಅಂಚಿನಿಂದ. ಒದ್ದೆ ಅಂಚು ಪದೇ ಪದೇ ಹೆಪ್ಪುಗಟ್ಟಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೊಯ್ದ ಪ್ರತಿ ಅಂಚಿಗೂ ಆಗಲೇ ಪ್ರೈಮರ್ ಹಚ್ಚಬೇಕು. ನೆಲದಿಂದ ಸುಮಾರು 150 ಮಿ.ಮೀ., ಮಾಡು ಮತ್ತು ಮೆಟ್ಟಿಲಿನಿಂದ 50 ಮಿ.ಮೀ. ಎತ್ತರ ಬಿಡಬೇಕು. ಕಿಟಕಿಯ ಮೇಲಿನ ತಗಡಿನ ಪಟ್ಟಿಗೂ ಹಲಗೆಗೂ ನಡುವೆ 6 ಮಿ.ಮೀ. ಬಿಟ್ಟು, ಅದನ್ನು ಸೀಲೆಂಟ್‌ನಿಂದ ಮುಚ್ಚದೆ ಇರಬೇಕು. ಚಂದ ಕಾಣಲಿ ಎಂದು ಅಲ್ಲಿ ಸೀಲೆಂಟ್ ತುಂಬುವವರು ನೀರು ಹೊರಬರುವ ಬಾಗಿಲನ್ನೇ ಮುಚ್ಚುತ್ತಾರೆ. ಒಂದೇ ಹಲಗೆಯನ್ನು ಸೆಕೆಯ ಪ್ರದೇಶಕ್ಕೊಂದು, ಹಿಮದ ಪ್ರದೇಶಕ್ಕೊಂದು ರೀತಿ ತಯಾರಿಸುವ ಕಂಪನಿಗಳಿವೆ. ಕೊಳ್ಳುವಾಗ ಅದನ್ನು ಕೇಳಬೇಕು. ಗರಗಸ ಹಾಕಿದಾಗ ಏಳುವ ಸಿಲಿಕಾ ಧೂಳು ಅಪಾಯಕಾರಿ, ಮಾಸ್ಕ್ ಇಲ್ಲದೆ ಕೊಯ್ಯಬಾರದು.

ಮರದ ಬಗ್ಗೆ ಜನರಿಗೆ ಭಯ ಜಾಸ್ತಿ, ಅದಕ್ಕೆ ಅಷ್ಟು ಕಾರಣವಿಲ್ಲ. ಲಡ್ಡು ಹಿಡಿಸುವ, ಅಂದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ 20%ಗಿಂತ ಜಾಸ್ತಿ ತೇವವೂ ಬೇಕು, ಬೆಚ್ಚಗಿನ ಹವೆಯೂ ಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಅದು ಬೆಳೆಯುವುದಿಲ್ಲ. ನಾರ್ವೆಯ ಬೋರ್ಗುಂಡ್ ಮರದ ಚರ್ಚು 12ನೇ ಶತಮಾನದ್ದು, ಡಾಂಬರಿನಂಥ ಪೈನ್ ಟಾರ್ ಬಳಿಸಿಕೊಳ್ಳುತ್ತಾ ಇವತ್ತಿಗೂ ನಿಂತಿದೆ. ಸ್ವೀಡನ್ನಿನ ಕೆಂಪು ಮನೆಗಳ ಬಣ್ಣ ಫಾಲುನ್ ತಾಮ್ರದ ಗಣಿಯ ಕಬ್ಬಿಣದ ಕೆಮ್ಮಣ್ಣಿನಿಂದ ಬಂದದ್ದು. ಆ ಬಣ್ಣ ಆವಿಯನ್ನು ತಡೆಹಿಡಿಯುವುದಿಲ್ಲ, ಮರ ಒಣಗುತ್ತಿರುತ್ತದೆ. ನೆನಪಿಡಬೇಕಾದ್ದು ಹಲಗೆಯ ತುದಿ. ಅಡ್ಡ ಕೊಯ್ದ ತುದಿ, ಮೈಗಿಂತ ಎಷ್ಟೋ ಪಾಲು ಬೇಗ ನೀರು ಹೀರುತ್ತದೆ. ಹಲಗೆಯ ಬೆನ್ನಿಗೂ ತುದಿಗೂ ಹೊಡೆಯುವ ಮುಂಚೆಯೇ ಬಣ್ಣ ಹಚ್ಚಬೇಕು. ಬೆಲೆಗಿಂತ ಆಗಾಗ ಬಣ್ಣ ಹಚ್ಚುವ ತಾಳ್ಮೆ ಇದೆಯಾ ಅನ್ನುವುದೇ ಇಲ್ಲಿ ಪ್ರಶ್ನೆ.

ಲೋಹ ನೀರು ಹೀರುವುದೇ ಇಲ್ಲ, ಆದ್ದರಿಂದ ಹೆಪ್ಪುಗಟ್ಟಿ ಒಡೆಯುವ ಮಾತಿಲ್ಲ. ಉಕ್ಕಿಗೆ ಕೊಯ್ದ ಅಂಚಿನಲ್ಲಿ ತುಕ್ಕು. ರಸ್ತೆಗೆ ಉಪ್ಪು ಸುರಿಯುವ ಕಡೆ ಆ ಭಯ ಇನ್ನೂ ಜಾಸ್ತಿ. ಅಲ್ಯೂಮಿನಿಯಂ ಮೆತ್ತಗೆ, ಆಲಿಕಲ್ಲು ಬಿದ್ದರೆ ತಗ್ಗು ಬೀಳುತ್ತದೆ.

ಇಟ್ಟಿಗೆ ಆರಿಸುವಾಗ ಬಣ್ಣ ನೋಡುವ ಮುಂಚೆ ದರ್ಜೆ ನೋಡಬೇಕು. ಎಎಸ್‌ಟಿಎಂ ಸಿ216ರಲ್ಲಿ ಎಸ್‌ಡಬ್ಲ್ಯೂ ದರ್ಜೆ, ಯುರೋಪಿನ ಇಎನ್ 771-1ರಲ್ಲಿ ಎಫ್2 ವರ್ಗ, ಎರಡೂ ಹಿಮದ ಹೊಡೆತಕ್ಕೆಂದೇ ಇರುವವು. ಹಳೆಯ ಇಟ್ಟಿಗೆ ಗೋಡೆಗೆ ಗಾಳಿಯಾಡದ ಬಣ್ಣ ಬಳಿಯುವುದು, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ. ಒಳಗಿನ ನೀರು ಬಣ್ಣದ ಹಿಂದೆಯೇ ಹೆಪ್ಪುಗಟ್ಟಿ ಮುಖ ಕಿತ್ತುಬರುತ್ತದೆ. ಗಾರೆಯನ್ನು, ಹಿಂದೆ ಸಂದು ಇದ್ದರೆ ಮಾತ್ರ ನಾನು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ.

ಒಂದು ಅಭ್ಯಾಸದ ಪ್ರಶ್ನೆ

ಎರಡು ಮಹಡಿಯ ಮನೆ. ಸೂರು ಗಿಡ್ಡ. ಚಳಿಗಾಲದಲ್ಲಿ ಉಷ್ಣತೆ ವಾರಕ್ಕೆ ಹಲವು ಸಲ ಸೊನ್ನೆ ದಾಟುತ್ತದೆ. ಪಡುವಣ ಗೋಡೆಗೆ ಅರ್ಧ ಮೀಟರ್ ಹಿಮ ಒರಗುತ್ತದೆ. ಗ್ಯಾರೇಜಿನ ಮಾಡು ಮನೆಯ ಗೋಡೆಗೆ ಬಂದು ಮುಗಿಯುತ್ತದೆ. ಏನು ಹಾಕುವುದು?

ಬಹಳ ಜನ ಸಾಮಾನಿನ ಹೆಸರು ಬರೆದು ಮುಗಿಸುತ್ತಾರೆ. ಹೀಗೆ ಬರೆದರೆ ಉತ್ತರ ಗಟ್ಟಿಯಾಗುತ್ತದೆ. ನಾಲ್ಕೂ ಗೋಡೆಗೆ 19 ಮಿ.ಮೀ. ರೀಪರ್. ಅದರ ಮೇಲೆ ಹಿಮದ ಪ್ರದೇಶಕ್ಕೆ ತಯಾರಿಸಿದ ಫೈಬರ್ ಸಿಮೆಂಟ್ ಹಲಗೆ, ಅಂಚಿಗೆಲ್ಲ ಪ್ರೈಮರ್. ಪಡುವಣ ಗೋಡೆಯ ಕೆಳಗಿನ 60 ಸೆ.ಮೀ.ಗೆ ಹಲಗೆ ಬೇಡ. ಅಲ್ಲಿ ನೀರು ಹೀರದ ತಗಡೋ ಗಟ್ಟಿ ಕಲ್ಲಿನ ಹೊದಿಕೆಯೋ ಇರಲಿ, ಏಕೆಂದರೆ 150 ಮಿ.ಮೀ. ಎತ್ತರದ ನಿಯಮ ಅರ್ಧ ಮೀಟರ್ ಹಿಮದ ಎದುರು ಲೆಕ್ಕಕ್ಕಿಲ್ಲ. ಗ್ಯಾರೇಜಿನ ಮಾಡು ಮುಗಿಯುವ ಮೂಲೆಯಲ್ಲಿ, ಇಳಿದ ನೀರನ್ನು ಗೋಡೆಯಿಂದ ಆಚೆ, ಸೂರಿನ ನೀರು ಹಿಡಿಯುವ ದೋಣಿಗೆ ತಳ್ಳುವ ಬಾಗಿದ ಸಣ್ಣ ತಗಡು. ಅಂಗೈಯಷ್ಟು ಅಗಲದ ಆ ತಗಡು ಇಲ್ಲದೆ ಮಾಡಿನ ಅಷ್ಟೂ ನೀರು ಒಂದೇ ಜಾಗದಲ್ಲಿ ಸೈಡಿಂಗ್ ಹಿಂದೆ ಇಳಿದು, ಹೊರಗೆ ಏನೂ ಕಾಣದೆ ಒಳಗೆ ಪ್ಲೈವುಡ್ ಲಡ್ಡಾಗುತ್ತದೆ.

ಪ್ರಶ್ನೆಯ ಎರಡನೇ ಭಾಗದಲ್ಲಿ ಹಣ ಕಡಿಮೆ ಬಿದ್ದರೆ ಏನು ಬಿಡುತ್ತೀರಿ ಎಂದು ಕೇಳಿದರೆ, ಫೈಬರ್ ಸಿಮೆಂಟ್ ಬಿಟ್ಟು ದಪ್ಪ ವಿನೈಲಿಗೆ ಇಳಿಯಿರಿ. ರೀಪರ್ ಮತ್ತು ಆ ತಗಡನ್ನು ಬಿಡಬೇಡಿ.