ಓದದೆ ಉಳಿದ ಬ್ಲಾಗುಗಳ ರಾಶಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಇಷ್ಟಪಟ್ಟು ಓದುತ್ತಿದ್ದ ಹತ್ತು ಹನ್ನೆರಡು ಬ್ಲಾಗುಗಳಿವೆ. ಕೆಲಸದ ಗಡಿಬಿಡಿಯಲ್ಲಿ ನಾಲ್ಕು ತಿಂಗಳಿಂದ ಅತ್ತ ತಲೆ ಹಾಕಿಲ್ಲ. ಬಾಕಿ ಉಳಿದದ್ದನ್ನೆಲ್ಲ ಓದಿ ಮುಗಿಸುವುದು ಹೇಗೆ?

ಉತ್ತರ: ಮುಗಿಸುವ ಹಟವನ್ನೇ ಬಿಡಿ. ಬಾಕಿ ಎನ್ನಲು ಇದು ಸಾಲವಲ್ಲ.

ಹೆಚ್ಚಿನವರು ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಓದುತ್ತಾ ಬರುತ್ತಾರೆ, ಮೂರನೇ ದಿನಕ್ಕೆ ಸುಸ್ತಾಗುತ್ತಾರೆ. ನಾನು ಹೇಳುವುದು ತಿರುವುಮುರುವು: ತೀರಾ ಹೊಸ ಬರಹದಿಂದ ಶುರು ಮಾಡಿ. ಬ್ಲಾಗ್ ಬರೆಯುವವರಿಗೆ ತಮ್ಮದೇ ಹಳೆಯ ಬರಹಗಳಿಗೆ ಕೊಂಡಿ ಕೊಡುವ ಅಭ್ಯಾಸವಿದೆ. ‘ಹೋದ ತಿಂಗಳು ಇದರ ಬಗ್ಗೆ ಬರೆದಿದ್ದೆ’ ಎಂಬಲ್ಲಿ ಒತ್ತಿದರೆ, ಅವರೇ ಮುಖ್ಯ ಎಂದುಕೊಂಡ ಬರಹಕ್ಕೆ ನೇರ ಹೋಗುತ್ತೀರಿ. ಆ ವಾರದ ಗದ್ದಲಕ್ಕೆಂದು ಬರೆದವು ತಾವಾಗಿಯೇ ಹಿಂದೆ ಉಳಿಯುತ್ತವೆ. ಕಂತುಗಳಲ್ಲಿ ಬಂದ ಲೇಖನ ಮಾತ್ರ ಇದಕ್ಕೆ ಹೊರತು. ಅದನ್ನು ಮೊದಲ ಕಂತಿನಿಂದಲೇ ಓದಬೇಕು.

ಇನ್ನು ಹಳೆಯ ಬರಹಗಳು ಸಿಗುವ ವಿಚಾರ. ಬ್ಲಾಗುಗಳು ಹೊಸ ಬರಹದ ಸುದ್ದಿಯನ್ನು ಆರ್‌ಎಸ್‌ಎಸ್ ಫೀಡ್ ಮೂಲಕ ಹೊರಗೆ ಕಳಿಸುತ್ತವೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಶುರು ಮಾಡಿದ ಪದ್ಧತಿ ಇದು. ಆದರೆ ಫೀಡಿನಲ್ಲಿ ಎಲ್ಲ ಬರಹಗಳೂ ಇರುವುದಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಬ್ಲಾಗಿನ ಒಡೆಯರು ಬದಲಿಸದಿದ್ದರೆ ಇತ್ತೀಚಿನ 10 ಮಾತ್ರ. ಹಾಗಾಗಿ ಇಂದು ಹೊಸದಾಗಿ ಚಂದಾದಾರರಾದರೆ ನಾಲ್ಕು ತಿಂಗಳ ಹಿಂದಿನದು ಅದರಲ್ಲಿ ಬರುವುದು ಅನುಮಾನ; ಬ್ಲಾಗಿನ ಆರ್ಕೈವ್ ಪುಟಕ್ಕೇ ಹೋಗಬೇಕು. ಮೊದಲೇ ಫೀಡ್ಲಿ, ಇನೋರೀಡರ್‌ನಂಥ ಫೀಡ್ ರೀಡರಿನಲ್ಲಿ (ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಸೇವೆ) ಸೇರಿಸಿಟ್ಟಿದ್ದರೆ, ನೀವು ಇಣುಕದ ದಿನಗಳಲ್ಲೂ ಅದು ಬರಹಗಳನ್ನು ಕೂಡಿಡುತ್ತಿರುತ್ತದೆ.

ಇಂಥದ್ದೇ ಫೀಡ್ ರೀಡರ್ ಆಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಆರ್‌ಎಸ್‌ಎಸ್ ಕಥೆ ಮುಗಿಯಿತು ಎಂದವರಿದ್ದರು. ಪಾಡ್‌ಕಾಸ್ಟುಗಳು ಇಂದಿಗೂ ನಡೆಯುತ್ತಿರುವುದು ಅದರ ಮೇಲೆಯೇ. ಮುಚ್ಚಿದ್ದು ಅಂಗಡಿ, ಸರಕಲ್ಲ.

ಆದರೆ ಅಂಗಡಿ ಮುಚ್ಚುವುದೂ ಸಣ್ಣ ಪೆಟ್ಟಲ್ಲ. ಆಮೇಲೆ ಓದೋಣವೆಂದು ಜನ ಲೇಖನಗಳನ್ನು ಎತ್ತಿಡುತ್ತಿದ್ದ ಪಾಕೆಟ್ ಕೂಡ 2025ರ ಜುಲೈನಲ್ಲಿ ನಿಂತಿತು. ಆದ್ದರಿಂದ ನಿಮ್ಮ ಬ್ಲಾಗುಗಳ ಪಟ್ಟಿಯನ್ನು ಆಗಾಗ ಓಪಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿ. ಬಹುತೇಕ ಎಲ್ಲ ಫೀಡ್ ರೀಡರುಗಳಲ್ಲೂ ಈ ಸೌಲಭ್ಯವಿದೆ. ನಾಳೆ ಬೇರೆ ರೀಡರಿಗೆ ಹೋದರೂ ಪಟ್ಟಿ ಜೊತೆಗೆ ಬರುತ್ತದೆ.

ರೀಡರ್ ತೆರೆದೊಡನೆ ಓದದ ಬರಹಗಳ ಲೆಕ್ಕ ಕಣ್ಣಿಗೆ ರಾಚುತ್ತದೆಯಲ್ಲ, ಅದನ್ನು ಕಾಣದಂತೆ ಮಾಡುವ ಆಯ್ಕೆ ಇದ್ದರೆ ಬಳಸಿ. ಇಲ್ಲದಿದ್ದರೆ ‘ಎಲ್ಲವನ್ನೂ ಓದಿದೆ’ ಎಂಬ ಗುಂಡಿ ಇದೆ. ಒತ್ತಿಬಿಡಿ. ಸುಳ್ಳು ಹೇಳಿದಂತಾಯಿತೇನೋ ಎಂದು ನನಗೂ ಮೊದಮೊದಲು ಅನಿಸುತ್ತಿತ್ತು. ಬರಹಗಳೇನೂ ಅಳಿಯುವುದಿಲ್ಲ, ಬ್ಲಾಗಿನಲ್ಲಿ ಇದ್ದಲ್ಲೇ ಇರುತ್ತವೆ.