ಸೋಪಿಗೆ ಅಂತ ಅಂಗಡಿಗೆ ಬರೋ ಕಾಲ ಹೋಯ್ತು

ಅಂಗಡಿಗಳ ಲೆಕ್ಕ ನೋಡೋದು ನನ್ನ ಕೆಲಸ, ಹಾಗಾಗಿ ಗಿರಾಕಿ ಬದಲಾಗಿದ್ದು ನಂಗೆ ಮೊದ್ಲು ಕಾಣೋದು ಬಿಲ್ಲಲ್ಲಿ. ಬೆಂಗಳೂರಲ್ಲಿ ತಿಂಗಳ ಚೀಟಿ ಅಂತ ಒಂದಿತ್ತಲ್ಲ, ಸಂಬಳ ಆದ್ಮೇಲೆ ಅಕ್ಕಿ ಬೇಳೆ ಎಣ್ಣೆ ಸೋಪು ಎಲ್ಲಾ ಬರ್ಕೊಂಡು ಬಂದು ಕೊಡ್ತಿದ್ರು, ಅಂಗಡಿ ಹುಡುಗ ಮನೆಗೆ ತಂದು ಹಾಕ್ತಿದ್ದ, ಆ ಚೀಟಿ ಚೂರುಚೂರಾಗಿದೆ. 2011ರಲ್ಲಿ ಆನ್‌ಲೈನಲ್ಲಿ ದಿನಸಿ ಮಾರೋ ಬಿಗ್‌ಬ್ಯಾಸ್ಕೆಟ್ ಇದೇ ಊರಲ್ಲಿ ಶುರುವಾಯ್ತು, ದೊಡ್ಡ ಸಾಮಾನು ನಿಧಾನಕ್ಕೆ ಆ ಕಡೆ ಹೋಯ್ತು. 2020ರಲ್ಲಿ ಆರ್ಡರ್ ಮಾಡಿದ ಸ್ವಲ್ಪ ಹೊತ್ತಲ್ಲೇ ಮನೆಗೆ ತಂದು ಕೊಡೋ ಇನ್‌ಸ್ಟಾಮಾರ್ಟ್ ಬಂತು, ರಾತ್ರಿ ಹೊತ್ತಲ್ಲಿ ಬೇಕಾಗೋ ಬ್ರೆಡ್ಡು, ಬ್ಯಾಟರಿನೂ ಹೋಯ್ತು.

ಶಾಪಿಂಗ್ ಮಾಲಿನವರು ಇದಕ್ಕೆ ಬೇಗ ಹೊಂದ್ಕೊಂಡ್ರು ಅನ್ಬೇಕು. 2004ರಲ್ಲಿ ಕೋರಮಂಗಲದ ಫೋರಂ ಮಾಲ್ ಶುರುವಾದಾಗ ಜನ ಬಟ್ಟೆ ತಗೊಳಕ್ಕೆ ಹೋಗಿ ಹಾಗೇ ಏನಾದ್ರೂ ತಿಂದು ಬರ್ತಿದ್ರು, ಈಗ ಊಟ, ಸಿನಿಮಾ, ಮಕ್ಕಳ ಆಟ ಅಂತ ಹೋಗಿ ಹಾಗೇ ಬಟ್ಟೆ ನೋಡ್ತಾರೆ. ಬಾಡಿಗೆ ಅಗ್ರಿಮೆಂಟ್ ಓದಿದ್ರೆ ಇದರ ಬಿಸಿ ಗೊತ್ತಾಗುತ್ತೆ. ಫಿಕ್ಸೆಡ್ ಬಾಡಿಗೆ ಇಷ್ಟು, ಇಲ್ಲಾ ಸೇಲ್ಸಲ್ಲಿ ಇಷ್ಟು ಪರ್ಸೆಂಟು, ಎರಡರಲ್ಲಿ ಯಾವ್ದು ಜಾಸ್ತಿನೋ ಅದು ಅಂತ ಎಷ್ಟೋ ಕಡೆ ಬರ್ದಿರ್ತಾರೆ. ಈಗ ಗಿರಾಕಿ ಅಂಗಡೀಲಿ ಶೂ ಹಾಕ್ಕೊಂಡು ನೋಡಿ, ಮನೆಗೆ ಹೋಗಿ ಆ್ಯಪಲ್ಲಿ ಆರ್ಡರ್ ಮಾಡಿದ್ರೆ ಆ ಸೇಲು ಯಾರದ್ದು? ಮಾಲಿಗೆ ಅದರಲ್ಲಿ ಪಾಲು ಬೇಕು, ಬ್ರ್ಯಾಂಡಿನವರು ಅದು ಆನ್‌ಲೈನ್ ಲೆಕ್ಕ ಅಂತಾರೆ. ಸಹಿ ಹಾಕೋಕೆ ಮುಂಚೆನೇ ಇದನ್ನ ಬಗೆಹರಿಸ್ಕೊಳ್ಳಿ ಅಂತೀನಿ.

ದಿನಸಿ ಅಂಗಡಿಯವರಿಗೆ ಹೇಳೋದು ಬೇರೆ. ಸೋಪು, ಬಿಸ್ಕೆಟ್ಟಲ್ಲಿ ನೂರು ರೂಪಾಯಿಗೆ ಎಂಟೋ ಹತ್ತೋ ಸಿಗುತ್ತೆ ಅಷ್ಟೇ, ಎಮ್ಮಾರ್ಪಿ ಪ್ಯಾಕೆಟ್ ಮೇಲೇ ಇರುತ್ತೆ, ಆ್ಯಪಿನ ರೇಟು ಗಿರಾಕಿ ಕೈಯಲ್ಲೇ ಇರುತ್ತೆ. ಅಲ್ಲಿ ಗುದ್ದಾಡಬೇಡಿ. ಲೂಸ್ ಅಕ್ಕಿ, ಬೇಳೆ, ರಾಗಿ ಮುಂದಕ್ಕೆ ತನ್ನಿ, ಜನ ಮುಟ್ಟಿ ನೋಡ್ಲಿ, ಮಾರ್ಜಿನ್ ನಿಮ್ಮ ಖರೀದಿ ಜಾಣತನದ ಮೇಲೆ ನಿಂತಿರುತ್ತೆ. ಹಬ್ಬದ ಹಿಂದಿನ ದಿನ ಬಾಳೆ ಎಲೆ, ಮಾವಿನ ಸೊಪ್ಪು ಇಟ್ಟವನ ಗಲ್ಲಾ ನೋಡಿ ಬೇಕಾದ್ರೆ! "ಅಣ್ಣಾ, ಅರ್ಧ ಕೆಜಿ ತೊಗರಿಬೇಳೆ ಕಳ್ಸಿ, ಬರ್ಕೊಳ್ಳಿ" ಅಂತ ವಾಟ್ಸಾಪಲ್ಲಿ ವಾಯ್ಸ್ ಹಾಕೋ ಮನೆಗಳು ಇನ್ನೂ ಇವೆ, ಅವರನ್ನ ಬಿಡಬೇಡಿ, ಆದ್ರೆ ಸಾಲಕ್ಕೆ ಒಂದು ಮಿತಿ ಇರ್ಲಿ.

ಇನ್ನು ಯುಪಿಐ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಅಂತ ಬೋರ್ಡ್ ನೇತಾಕಿದ್ರು. ಭಯ ಅರ್ಥ ಆಗುತ್ತೆ, ಆದ್ರೆ ಜೇಬಲ್ಲಿ ನೋಟೇ ಇಲ್ಲದ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ. ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಮಾಡ್ಸಿ, ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಸ್ಕೀಮಿದೆ, ಅಂದ್ರೆ ಸಣ್ಣ ವ್ಯಾಪಾರಿಗಳಿಗೆ ಅಂತ ಇರೋ ಸುಲಭ ಲೆಕ್ಕದ ಜಿಎಸ್‌ಟಿ, ತೆರಿಗೆ ಇರೋ ಸಾಮಾನಿನ ವ್ಯಾಪಾರದ ಮೇಲೆ 1 ಪರ್ಸೆಂಟು. ಅದನ್ನ ಗಿರಾಕಿ ಹತ್ರ ಬೇರೆಯಾಗಿ ತಗೊಳೋ ಹಾಗಿಲ್ಲ, ಸೋಪಿನ ಆ ಎಂಟು ರೂಪಾಯಲ್ಲೇ ಒಂದು ಹೋಗುತ್ತೆ, ಮೂಟೆಯಿಂದ ತೂಗಿ ಕೊಡೋ ಅಕ್ಕಿ ಬೇಳೆ ರಾಗಿಗೆ ಮಾತ್ರ ಆ ತೆರಿಗೆನೇ ಇಲ್ಲ.