ಪಾರ್ಕ್ ಅಂತ ಬರೆದರೆ ಹಕ್ಕಿ ಉಳಿಯುತ್ತಾ?

"ಅದು ಸರ್ಕಾರಿ ಜಾಗ ಸಾರ್, ಯಾರು ಮುಟ್ತಾರೆ?" ನಿವಾಸಿಗಳ ಸಂಘದ ಸಭೆಗಳಲ್ಲಿ ಪಾರ್ಕು, ಬಯಲಿನ ವಿಷಯ ಬಂದಾಗ ಈ ಮಾತು ಪದೇ ಪದೇ ಕೇಳುತ್ತೇನೆ. ನಗರ ಯೋಜನೆಯ ಕೆಲಸ ಮಾಡುವವನಿಗೆ ಇದನ್ನು ಕೇಳಿದರೆ ಸ್ವಲ್ಪ ಭಯವೇ ಆಗುತ್ತದೆ. ಖಾಸಗಿ ಜಾಗಕ್ಕೆ ಒಬ್ಬ ಮಾಲೀಕ ಇರುತ್ತಾನೆ, ಒತ್ತುವರಿ ಆದರೆ ಕೋರ್ಟಿಗೆ ಓಡುತ್ತಾನೆ. ಸರ್ಕಾರಿ ಜಾಗದ ಕಥೆ ಬೇರೆ. ಬಸ್ ಡಿಪೋಗೆ, ಕಸದ ಘಟಕಕ್ಕೆ, ಸಮುದಾಯ ಭವನಕ್ಕೆ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದೇ ಅದರ ಮೇಲೆ. ಭೂಸ್ವಾಧೀನದ ದುಡ್ಡೂ ಉಳಿಯುತ್ತೆ, ತಕರಾರೂ ಇರಲ್ಲ, ಅಲ್ವಾ?

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಆಗಿದ್ದೂ ಇದೇ. ನಕ್ಷೆಯಲ್ಲಿ ಪಾರ್ಕ್ ಎಂದಿದ್ದ ಜಾಗವನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಕೊಟ್ಟಿತ್ತು. ನಿವಾಸಿಗಳು ಪಟ್ಟು ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಊರ್ಜಿತವಲ್ಲ ಎಂದಿತು. ದೇಶದ ಯಾವ ಮೂಲೆಯಲ್ಲಿ ಪಾರ್ಕ್ ಜಾಗದ ಜಗಳ ಬಂದರೂ ವಕೀಲರು ಈಗಲೂ ಆ ತೀರ್ಪನ್ನು ಎತ್ತಿಕೊಳ್ಳುತ್ತಾರೆ.

ಉದ್ಯಾನ, ಆಟದ ಬಯಲು, ತೆರೆದ ಜಾಗಗಳಿಗಾಗಿಯೇ 1985ರ ಒಂದು ಕಾಯ್ದೆ ನಮ್ಮಲ್ಲಿದೆ. ಮಾರಬೇಡಿ, ಗುತ್ತಿಗೆ ಕೊಡಬೇಡಿ, ಬೇರೆ ಕೆಲಸಕ್ಕೆ ಬಳಸಬೇಡಿ ಎನ್ನುತ್ತದೆ. ಒಳ್ಳೆಯದೇ. ಆದರೆ ಈ ಕಾಯ್ದೆ ಕಾಯುವುದು ಜಾಗವನ್ನು. ಅಲ್ಲಿ ಬದುಕುವ ಜೀವಿಗಳನ್ನಲ್ಲ. ಪೊದೆ ಕಿತ್ತು ಲಾನ್ ಹಾಸಿ, ಪೇವರ್ ಕಲ್ಲು ಕೂರಿಸಿ, ರಾತ್ರಿಯಿಡೀ ಉರಿಯುವ ಲೈಟ್ ಕಂಬ ನೆಟ್ಟರೂ ಕಾಗದದ ಮೇಲೆ ಅದು ಪಾರ್ಕೇ. ಮುಂಗುಸಿ, ಗೌಜಲಹಕ್ಕಿ, ಚಿಟ್ಟೆ ಎಲ್ಲಿ ಹೋದವು ಎಂದು ಯಾವ ಕಡತವೂ ಕೇಳುವುದಿಲ್ಲ.

ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲು ನೋಡಿ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್ ಹದ್ದುಗಳು ಬರುತ್ತವೆ. ಹಗಲೆಲ್ಲ ಹುಲ್ಲಿನ ಮೇಲೆ ತೀರಾ ಕೆಳಗೆ ತೇಲಿಕೊಂಡು ಬೇಟೆ ಹುಡುಕುತ್ತವೆ. ರಾತ್ರಿ ಮಲಗಲು ಮರ ಹತ್ತುವುದಿಲ್ಲ. ನೆಲದ ಮೇಲೇ, ಎತ್ತರದ ಹುಲ್ಲಿನ ನಡುವೆ ಗುಂಪಾಗಿ ಕೂರುತ್ತವೆ. ಇಂಥ ಜಾಗದಲ್ಲಿ ಪರಿಸರ ದಿನಕ್ಕೆಂದು ಸಾಲಾಗಿ ಗಿಡ ನೆಟ್ಟರೆ ಹಕ್ಕಿಯ ಮನೆ ಹೋದಂತೆಯೇ. ನೆಟ್ಟವರು ಒಳ್ಳೇ ಮನಸ್ಸಿನಿಂದಲೇ ನೆಟ್ಟಿರುತ್ತಾರೆ, ಅದೇ ಕಷ್ಟ. ಬಯಲು ಕಂಡರೆ ಸಾಕು, ನಮಗೆ ಅದು ಖಾಲಿ ಜಾಗ.

ಹಾಗಾಗಿ ಯಾರಾದರೂ "ನಮ್ಮ ಬಯಲು ಉಳಿಸಬೇಕು" ಎಂದು ಬಂದರೆ ನಾನು ಮೊದಲು ಪಹಣಿ ತರಲು ಹೇಳುತ್ತೇನೆ. ಮೂರನೇ ಕಾಲಂನಲ್ಲಿ ವಿಸ್ತೀರ್ಣದ ಜೊತೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅಂತ ಇರುತ್ತದೆ. 'ಬಿ' ಖರಾಬು ಅಂದರೆ ಸಾರ್ವಜನಿಕ ಬಳಕೆಯ ಜಾಗ: ಹಳ್ಳ, ದಾರಿ, ಕೆರೆ ಇಂಥವು. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಬರೀ 'ಸರ್ಕಾರಿ' ಅಂತಿದೆಯೋ, ಗೋಮಾಳ ಅಂತಿದೆಯೋ, ಇಲಾಖೆಯ ಹೆಸರಿದೆಯೋ? ಹನ್ನೊಂದರಲ್ಲಿ ಬೇರೆ ಯಾರದಾದರೂ ಹಕ್ಕು, ಋಣ ಇದೆಯಾ? ಬೋರ್ಡಿನಲ್ಲಿ 'ಜೀವವೈವಿಧ್ಯ ವನ' ಎಂದು ಬಣ್ಣದಲ್ಲಿ ಬರೆದಿದ್ದರೂ ಪಹಣಿಯಲ್ಲಿ ಅದರ ಸುಳಿವೇ ಇಲ್ಲದಿರಬಹುದು. ಬೆಂಗಳೂರಲ್ಲಂತೂ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಇಂಥ ಹೊತ್ತಲ್ಲಿ ಜಾಗ ಯಾರ ಹೆಸರಿಗೆ, ಯಾವ ಉದ್ದೇಶಕ್ಕೆ ಎಂದು ದಾಖಲೆಯಲ್ಲಿ ಸ್ಪಷ್ಟ ಇಲ್ಲದಿದ್ದರೆ ಪರದಾಟ ಖಂಡಿತ.

ಆಮೇಲೆ ಕೇಳುವುದು: ಜಾಗದ ಬಳಕೆ ಬದಲಿಸುವ ಕೀಲಿ ಯಾರ ಕೈಲಿದೆ? ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಜಿಲ್ಲಾಧಿಕಾರಿ ಸರ್ಕಾರಿ ಜಮೀನನ್ನು ಒಂದು ಉದ್ದೇಶಕ್ಕೆ ಕಾಯ್ದಿರಿಸಬಹುದು. ಜಿಲ್ಲಾಧಿಕಾರಿಯ ಮಂಜೂರಾತಿ ಸಿಕ್ಕರೆ ಅದೇ ಜಾಗ ಬೇರೆ ಕೆಲಸಕ್ಕೂ ಹೋಗಬಹುದು. ಮಾಸ್ಟರ್ ಪ್ಲಾನಿನಲ್ಲಿ ಪಾರ್ಕು, ಬಯಲಿಗೆ ಹಚ್ಚುವ ಹಸಿರು ಬಣ್ಣವೂ ಅಷ್ಟೇ. ಭೂಬಳಕೆ ಬದಲಾವಣೆಗೆ ದಾರಿ ಯೋಜನಾ ಕಾಯ್ದೆಯ 14ಎ ಕಲಮಿನಲ್ಲೇ ಇದೆ.

ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರ ಕೀಲಿಯನ್ನು ಹಂಚಿಟ್ಟಿದೆ. ಅಲ್ಲಿನವರು 1967ರಲ್ಲಿ ಮತ ಹಾಕಿ ತಮ್ಮ ಮೇಲೇ ಮಾರಾಟ ತೆರಿಗೆ ಹೇರಿಕೊಂಡು ಬಯಲು, ಬೆಟ್ಟ ಕೊಳ್ಳಲು ಶುರು ಮಾಡಿದರು. ಆ ಜಾಗ ಪರಭಾರೆ ಮಾಡಬೇಕಾದರೆ ಮೊದಲು ಐದು ಜನರ ಮಂಡಳಿಯಲ್ಲಿ ಕನಿಷ್ಠ ಮೂವರು ಒಪ್ಪಬೇಕು. ಆಮೇಲೆ ನಗರಸಭೆ ಒಪ್ಪಬೇಕು. ಅದಾದ ಮೇಲೂ 60 ದಿನ ಕಾಯಬೇಕು. ಅಷ್ಟರೊಳಗೆ ಸಾಕಷ್ಟು ಮತದಾರರು ಸಹಿ ಹಾಕಿದರೆ ವಿಷಯ ಜನರ ಮತಕ್ಕೇ ಹೋಗುತ್ತದೆ. ಇದೆಲ್ಲ ನಗರದ ಚಾರ್ಟರಿನಲ್ಲೇ, ಅಂದರೆ ನಗರಾಡಳಿತದ ಮೂಲ ಕಾನೂನಿನಲ್ಲೇ ಇದೆ. ಹದ್ದು, ಗಿಡುಗಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ಬಂಡೆಗಳಿಗೆ ಜನರ ಪ್ರವೇಶವನ್ನೂ ನಿಲ್ಲಿಸುತ್ತಾರೆ.

ನಮ್ಮಲ್ಲಿ ಅಂಥ ಚಾರ್ಟರ್ ಇಲ್ಲ. ಇರುವ ಕಾಯ್ದೆಗಳಲ್ಲಿ ಎರಡು ಉಪಯೋಗಕ್ಕೆ ಬರುತ್ತವೆ. ಒಂದು, ಜೀವವೈವಿಧ್ಯ ಕಾಯ್ದೆಯ ಪಾರಂಪರಿಕ ತಾಣ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲ ತಾಣವಾಯಿತು. ಇನ್ನೊಂದು, ವನ್ಯಜೀವಿ ಕಾಯ್ದೆಯ 36ಎ ಕಲಮಿನ ಸಂರಕ್ಷಣಾ ಮೀಸಲು. ಇದಕ್ಕೆ ಜಾಗ ಸರ್ಕಾರದ್ದೇ ಆಗಿರಬೇಕು, ಸ್ಥಳೀಯರ ಜೊತೆ ಮಾತಾಡಿಯೇ ಘೋಷಿಸಬೇಕು. ಯಲಹಂಕದ ಪುಟ್ಟೇನಹಳ್ಳಿ ಕೆರೆ ಹೀಗೇ ಪಕ್ಷಿ ಮೀಸಲಾಯಿತು. ನನ್ನ ಒಲವು ಈ ಎರಡನೆಯದರ ಕಡೆಗೆ. ಯಾಕೆಂದರೆ ಇಲ್ಲಿ ಕಾಯ್ದೆಯ ಬಾಯಲ್ಲೇ 'ಆವಾಸ' ಅನ್ನುವ ಮಾತಿದೆ. ಹಾಗಂತ ಪೂರ್ತಿ ಭದ್ರ ಅಂತಲೂ ಅಲ್ಲ. ಅಭಯಾರಣ್ಯದ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಮೀಸಲಿಗೆ ಅಷ್ಟು ಬಿಗಿ ಇಲ್ಲ.

ಸ್ಥಳೀಯರ ಜೊತೆ ಮಾತಾಡುವುದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಿ ಮುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ಹೆಸರಘಟ್ಟವೇ ಸಾಕ್ಷಿ. 2021ರಲ್ಲಿ ಅಲ್ಲಿನ ಮೀಸಲು ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ ಕೈಬಿಟ್ಟಿತ್ತು. ಊರಿನ ಕಡೆಯಿಂದ ವಿರೋಧವಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2024ರ ಅಕ್ಟೋಬರಿನಲ್ಲಿ 5,678 ಎಕರೆಗೆ ಮಂಡಳಿ ಒಪ್ಪಿಗೆ ಕೊಟ್ಟಿತು. ದನ ಮೇಯಿಸುವವರಿಗೆ 'ಮೀಸಲು' ಅಂದ ಕೂಡಲೇ ಬೇಲಿ, ಗಾರ್ಡು, ಕೇಸು ನೆನಪಾದರೆ ತಪ್ಪೇನಿಲ್ಲ. ಆದರೆ 36ಎ ಮೀಸಲಿನೊಳಗೆ ವಾಸಿಸುವವರ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗೆ ಜಾಗವೂ ಇದೆ. ಅಷ್ಟಕ್ಕೂ ಹುಲ್ಲುಗಾವಲಿನಲ್ಲಿ ದನ ಹದವಾಗಿ ಮೇಯಲೇ ಬೇಕು, ಇಲ್ಲದಿದ್ದರೆ ಪೊದೆ, ಜಾಲಿ ನುಗ್ಗುತ್ತವೆ. ಅದಕ್ಕೇ ನಾನು ಮೀಸಲಿನ ಪ್ರಸ್ತಾವದ ಕರಡು ನೋಡುವಾಗ ಗಡಿ ನಕ್ಷೆಗಿಂತ ಮೊದಲು ನಿರ್ವಹಣಾ ಯೋಜನೆಯ ಪುಟ ತೆಗೆಯುತ್ತೇನೆ: ಯಾವ ಊರಿನ ದನ, ಯಾವ ತಿಂಗಳು, ಯಾವ ಕಡೆ ಮೇಯಬಹುದು, ಹದ್ದುಗಳು ಮಲಗುವ ಜಾಗ ಎಷ್ಟು ತಿಂಗಳು ಬಿಡಬೇಕು. ಇಷ್ಟು ಬರೆದಿಲ್ಲದ ಕರಡನ್ನು ವಾಪಸ್ ಕಳಿಸುತ್ತೇನೆ.